ಸತ್ತ ಮನೆಯ ಗಂಜಿ, ರೋಮಿನ ಗೋರಿ

ಹಸಿ ಸುಣ್ಣದ ಗಾರೆಯಲ್ಲಿ ಯಾರೋ ಹೆಬ್ಬೆರಳಿನಿಂದ ಒತ್ತಿ ಕೂರಿಸಿದ ಒಂದು ಸಣ್ಣ ಚಿಪ್ಪು. ರೋಮ್ ನಗರದ ಹೊರಗೆ, ನೆಲದಡಿಯ ಸುರಂಗದ ಗೋಡೆಯಲ್ಲಿ ಕೊರೆದ ಗೋರಿಯೊಂದರ ಚಿತ್ರವದು. ಹೆಸರು ಕೆತ್ತಿಸಲು ಗತಿಯಿಲ್ಲದವರು ತಮ್ಮವರ ಗೋರಿಯ ಗುರುತಿಗೆ ಕೈಗೆ ಸಿಕ್ಕಿದ್ದನ್ನು ಹೀಗೆ ಒತ್ತಿಡುತ್ತಿದ್ದರಂತೆ. ಗ್ರಂಥಾಲಯದ ಪುಸ್ತಕದಲ್ಲಿ ಅದನ್ನು ಕಂಡ ದಿನವೇ ನನ್ನ ಎಂ.ಎ. ಪ್ರಬಂಧದ ವಿಷಯ ನಿಶ್ಚಯವಾಯಿತು: ರೋಮಿನ ಬಡವರ ನಡುವೆ ಕ್ರೈಸ್ತಮತ ಬೆಳೆದದ್ದು ಹೇಗೆ.

ಗಂಗೊಳ್ಳಿಯ ನಮ್ಮ ಮನೆಯಲ್ಲಿ ಇದನ್ನೆಲ್ಲ ಹೇಳುವ ಅಗತ್ಯ ನನಗೆ ಕಂಡಿರಲಿಲ್ಲ. ಆದರೆ ಹಳೆಯ ಪುಸ್ತಕಗಳನ್ನು ನೋಡಲು ಬ್ರಹ್ಮಾವರದ ಒಂದು ಇಗರ್ಜಿಗೆ, ಎಂದರೆ ಚರ್ಚಿಗೆ, ಎರಡು ಭಾನುವಾರ ಹೋಗಿದ್ದೆ. ನಾನು ಗೇಟಿನೊಳಗೆ ಹೋಗುವುದನ್ನು ಬಸ್ಸಿನಿಂದ ಕಂಡ ಯಾರೋ ಬಂದರಿಗೆ ಸುದ್ದಿ ಮುಟ್ಟಿಸಿದರು. ಮೀನು ಹರಾಜಿನ ಗಲಾಟೆಯಲ್ಲೂ ಅದು ಮಾವನ ಕಿವಿಗೆ ಬಿತ್ತು. ಅಮ್ಮನ ಅಣ್ಣ ಅವರು. ಒಂದು ಬೋಟಿನ ಮಾಲೀಕರು. ಅಪ್ಪ ತೀರಿಕೊಂಡ ಮೇಲೆ ಸೋದರಸೊಸೆಯಾದ ನನ್ನನ್ನು ಓದಿಸುತ್ತಿದ್ದವರು ಅವರೇ.

ಸಂಜೆ ಬಂದವರು ಜಗಲಿಯಲ್ಲಿ ಕೂತೇ ಕೇಳಿದರು.

"ಹೆಣೆ, ನೀ ಇಗರ್ಜಿಗೆ ಹೋಯ್ದೆ ಅಂಬ್ರಲೆ?"

"ಪುಸ್ತಕ ಕಾಂಬುಕೆ ಹೋದ್ದ್, ಮಾವ. ರೋಮಿನ ಕ್ರೈಸ್ತರ ಬಗ್ಗೆ ಪ್ರಬಂಧ ಬರಿತಿದ್ದೆ."

ಒಳಗಿನಿಂದ ಅಮ್ಮ ನಕ್ಕಳು. "ಈ ಸೋಂಬೇರಿ ದೇವ್ರಿಗಾಯಿ ಆಯ್ತಾರ ಬೆಳಿಗ್ಗೆ ಏಳ್ತ್ ಅಂದ್ ಮಾಡಿದ್ಯಾ, ಅಣ್ಣ?"

ಮಾವ ನಗಲಿಲ್ಲ. "ನಮ್ಮಲ್ಲಿ ರಾಜ್ರಿಗೆ ಬರಗಾಲವಾ? ಅವ್ರ ಬಗ್ಗೆ ಬರಿ. ಬಂದ್ರಂಗೆ ನಾನ್ ಎಷ್ಟ್ ಜನಕ್ಕೆ ಉತ್ರ ಕೊಡ್ಕ್? ನಾಳೆ ಹೋಯಿ ವಿಷ್ಯ ಬದ್ಲ್ ಮಾಡ್. ಇಲ್ದಿರೆ ನಾ ಓದ್ಸುದ್ ಇಲ್ಲಿಗೆ ಸಾಕ್."

ಮರುದಿನವೇ ನಾನು ವಿಷಯವನ್ನು ವಿಭಾಗದಲ್ಲಿ ಖಚಿತಪಡಿಸಬೇಕಿತ್ತು. ಜೋರಾಗಿ ಮಾತಾಡುವುದು ನನಗೆ ಬರುವುದಿಲ್ಲ. ಒಂದೇ ಪ್ರಶ್ನೆ ಕೇಳಿದೆ.

"ಸತ್ತ ಮನಿಗೆ ನಮ್ಮ ಕೇರಿಯರೆಲ್ಲ ಗಂಜಿ ಕೊಡುದಲ್ದಾ, ಮಾವ?"

"ಮತ್ತೆ? ಒಲೆ ಹಚ್ಚುಕಿಲ್ಲ ಅಲ್ಲಿ."

"ಐಸ್ ಪ್ಲಾಂಟಿನ ಹಿಂದಿನ ಶೆಡ್ಡಂಗೆ ಜ್ವರ ಬಂದ್ ಸತ್ನಲೆ, ನಿಮ್ಮ ಬೋಟಿನ ಖಲಾಸಿ. ಅವನ ಜೊತೆಯರಿಗೆ ಯಾರ್ ಕೊಟ್ಟಿರ್?"

ಮಾವ ಅಂಗಳದ ಕಡೆ ನೋಡಿದರು. "ಅವ ಹೊರಗಿನವ. ನಮ್ಮ ಕೇರಿಯವ ಅಲ್ಲ."

ಅದು ನಿಜವೇ. ಕೇರಿಯ ಹೊರಗಿನ ಸಾವಿಗೆ ಗಂಜಿ ಒಯ್ಯುವ ಕ್ರಮ ನಮ್ಮಲ್ಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ, ಯಾರಿಗೂ ಹೊಳೆಯಲೇ ಇಲ್ಲ. ನಾನೂ ಅಂದು ಮನೆಯಲ್ಲೇ ಇದ್ದೆ.

ರೋಮ್ ಅಂಥ ಹೊರಗಿನವರಿಂದಲೇ ತುಂಬಿದ್ದ ಊರು ಎಂದು ಹೇಳಿದೆ. ಗುಲಾಮರು, ಬಂದರಿನ ಕೂಲಿಗಳು, ದೂರದಿಂದ ಬಂದ ವಿಧವೆಯರು. ಹೆಣದ ಖರ್ಚು ನೋಡಿಕೊಳ್ಳುವ ಸಂಘಗಳು ಅಲ್ಲಿ ಮೊದಲೇ ಇದ್ದವು, ವಂತಿಗೆ ಕಟ್ಟಿದ ಸದಸ್ಯರಿಗೆ ಮಾತ್ರ. ಮನೆಗಳಲ್ಲಿ ಸೇರಿ ಪ್ರಾರ್ಥಿಸುತ್ತಿದ್ದ ಕ್ರೈಸ್ತರ ಸಣ್ಣ ಗುಂಪಿನವರು ಸಾಂಕ್ರಾಮಿಕ ಜ್ವರ ಬಂದಾಗ ರೋಗಿಗೆ ನೀರು ಕೊಟ್ಟರು, ದಿಕ್ಕಿಲ್ಲದವರನ್ನು ಮಣ್ಣು ಮಾಡಿದರು. ಹಳೆಯ ದೇವರುಗಳನ್ನು ಮತ್ತೆ ತರಲು ಹೊರಟ ಚಕ್ರವರ್ತಿಯೊಬ್ಬ, ಇವರು ನಮ್ಮ ಬಡವರಿಗೂ ಉಣಿಸುತ್ತಾರೆ, ನೀವೇಕೆ ಮಾಡುವುದಿಲ್ಲ ಎಂದು ತನ್ನ ಪುರೋಹಿತರನ್ನೇ ಕೇಳಬೇಕಾಯಿತು.

"ಅಂದ್ರೆ ನಾವ್ ಕೆಟ್ಟರ್ ಅಂದ್ ಬರಿತ್ಯಾ?"

"ಇಲ್ಲ ಮಾವ. ನಮ್ಮ ಸುದ್ದಿಯೇ ಅದ್ರಂಗಿಲ್ಲ. ಆರೆ ವಿಷ್ಯ ಬದ್ಲ್ ಮಾಡುದಿಲ್ಲ."

"ಹಾಂಗಾರೆ ನಿನ್ನ ದಾರಿ ನೀ ಕಾಣ್," ಎಂದು ಚಪ್ಪಲಿ ಮೆಟ್ಟಿ ಹೊರಟರು. ಅಮ್ಮ ಅವರಿಗೆಂದು ತಂದ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆ ಚಹಾವನ್ನು ನನಗೇ ಕೊಟ್ಟಳು.

ಮರುದಿನ ಬೆಳಿಗ್ಗೆ ಕುಂದಾಪುರದ ಬಸ್ಸು ಹತ್ತಿದವಳು ದಾರಿಯಲ್ಲಿ ತಲ್ಲೂರಿನಲ್ಲಿಳಿದೆ. ಅಲ್ಲಿ ಮನೆಪಾಠ ನಡೆಸುತ್ತಿದ್ದ ಟೀಚರೊಬ್ಬರು ಹಿಂದೊಮ್ಮೆ ನನ್ನನ್ನು ಕೆಲಸಕ್ಕೆ ಕರೆದಿದ್ದರು. ನನ್ನ ಫೀಸಿನ ಖರ್ಚಿಗೆಂದು ಅದೇ ದಿನದಿಂದ ಸಂಜೆ ಸಮಾಜವಿಜ್ಞಾನ ಹೇಳಿಕೊಡಲು ಬರುತ್ತೇನೆಂದೆ. ಮುಂದಿನ ಬಸ್ಸಿಗೆ ಕಾಲೇಜಿಗೆ ಹೋಗಿ, ವಿಷಯ ಅದೇ ಎಂದು ಮಾರ್ಗದರ್ಶಕರಿಗೆ ತಿಳಿಸಿದೆ.