ಕೂಲರ್‌ನ ನಾಲ್ಕು ಗಾಲಿಗಳ ಕುರಿತು

ಮಾನ್ಯ ಓದುಗರಲ್ಲಿ ವಿನಂತಿ. ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ಆಗಾಗ ಕೈಕೊಡುತ್ತದೆ. ಮಾನ್ವಿಯ ಕಚೇರಿಯೊಂದರಲ್ಲಿ ಪತ್ರಗಳನ್ನು ಬರೆಯುವುದಷ್ಟೇ ನನಗೆ ರೂಢಿ. ನನ್ನ ಬಗ್ಗೆ ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಮುಂಚಿತವಾಗಿಯೇ ಕ್ಷಮೆ ಕೋರುತ್ತೇನೆ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ದೇವದುರ್ಗದವಳಾದ ನಾನು ಪಿಯುಸಿ ಓದಲು ರಾಯಚೂರಿನ ಸೋದರಮಾವನ ಮನೆಯಲ್ಲಿದ್ದೆ. ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಸ್ಕೇಟ್‌ಬೋರ್ಡ್ ಮೇಲೆ ನಿಂತು ಇಳಿಜಾರಿನಲ್ಲಿ ಸಾಗುವುದನ್ನು ಮೊಬೈಲಿನಲ್ಲಿ ಕಂಡಂದಿನಿಂದ ನನಗೂ ಅದೇ ಹುಚ್ಚು ಹಿಡಿಯಿತು. ಹಲಗೆ ನನ್ನ ಪುಸ್ತಕದ ಕಪಾಟಿನಲ್ಲೇ ಇತ್ತು. ಗಾಲಿಗಳಿದ್ದದ್ದು ಕೂಲರ್‌ನ ಕಬ್ಬಿಣದ ಸ್ಟ್ಯಾಂಡಿಗೆ. ಅತ್ತೆ ಅದನ್ನು ಹಗಲು ಅಡುಗೆಮನೆಯ ಬಾಗಿಲಿಗೆ, ಸಂಜೆ ಪಡಸಾಲೆಗೆ ತಳ್ಳಿಕೊಳ್ಳುತ್ತಿದ್ದರು.

ಅತ್ತೆ ದೇವಸುಗೂರಿನ ಗುಡಿಗೆ ಹೋದ ಒಂದು ಸೋಮವಾರ, ಸ್ಟ್ಯಾಂಡಿನ ಕಾಲುಗಳಿಗೆ ಇಟ್ಟಿಗೆ ಕೊಟ್ಟು ನಾಲ್ಕೂ ಗಾಲಿ ಬಿಚ್ಚಿದೆ. ಕಾಯಿಸಿದ ಸಲಾಕೆಯಿಂದ ಹಲಗೆಗೆ ತೂತು ಹಾಕಿ ಅವನ್ನು ಬಿಗಿದೆ. ಸಂಜೆಯೊಳಗೆ ಮರಳಿ ಜೋಡಿಸುವ ಉದ್ದೇಶವಿತ್ತೆಂಬುದನ್ನು ದಾಖಲಿಸಬಯಸುತ್ತೇನೆ. ಅಂಗಳದಲ್ಲಿ ಹಲಗೆಯ ಮೇಲೆ ಎರಡನೆಯ ಕಾಲಿಟ್ಟೊಡನೆ ಗಾಲಿಗಳು ಒಂದೊಂದು ದಿಕ್ಕಿಗೆ ತಿರುಗಿದವು. ನಾನು ಬಿದ್ದೆ. ಹಲಗೆ ಗೋಡೆಗೆ ಬಡಿದು ಒಂದು ಗಾಲಿ ಎರಡು ಹೋಳಾಯಿತು. ಹೆದರಿ ಎಲ್ಲವನ್ನೂ ಪಡಸಾಲೆಯ ಮಂಚದ ಕೆಳಗೆ ನೂಕಿದೆ.

ಅತ್ತೆ ಬಂದು ಕೂಲರ್ ತಳ್ಳಿದರು. ಅದು ಅಲುಗಲಿಲ್ಲ. ಬಗ್ಗಿ ನೋಡಿದರು.

"ನಿನ್ನಿ ಕೂಲರ್‌ನಾಗಿನ ಹುಲ್ಲು ಬದಲಿ ಮಾಡಾಕ ಬಂದಿದ್ದನಲ್ಲ ಆ ಮಿಸ್ತ್ರಿ, ಅವಂದಾ ಕೆಲಸ! ನಾ ಗುಡಿಗೆ ಹೋದಾಗ ಮತ್ತ ಬಂದು, ಇಟ್ಟಂಗಿ ಇಟ್ಟು ಗಾಲಿ ಹೊಡಕೊಂಡು ಹೋಗ್ಯಾನ. ನೀ ಮನ್ಯಾಗಾ ಇದ್ದೆಲ್ಲ, ನೋಡ್ಲಿಲ್ಲೇನ?"

"ನಾ ಓದಾಕತ್ತಿದ್ದೆ ಅತ್ತಿ," ಎಂದೆ.

ಮರುದಿನ ಮಿಸ್ತ್ರಿಯನ್ನು ಕರೆಸಿ ಓಣಿಯವರ ಎದುರಿಗೇ ಕೇಳಿದರು. ಮಿಸ್ತ್ರಿ ನನ್ನ ತಂದೆಯ ವಯಸ್ಸಿನವರು.

"ಎಷ್ಟ ವರ್ಷಾತ್ರೀ ಅಕ್ಕಾರ, ಈ ಓಣ್ಯಾಗ ನಾ ಬರಾಕತ್ತು? ನಿಮ್ಮ ಗಾಲಿ ತಗೊಂಡು ನಾ ಏನ್ ಬಂಡಿ ಕಟ್ಲಿ?"

ಯಾರೋ ನಕ್ಕರು. ಅತ್ತೆ ನಗಲಿಲ್ಲ.

ಅಂದು ಸಂಜೆ ಮಿಸ್ತ್ರಿಯೇ ತಮ್ಮಲ್ಲಿದ್ದ ಹಳೆಯ ಗಾಲಿಗಳನ್ನೇ ತಂದು ಜೋಡಿಸತೊಡಗಿದರು. ಉರುಳಿಹೋದ ನಟ್ಟಿಗಾಗಿ ಮಂಚದ ಕೆಳಗೆ ಕೈಹಾಕಿದಾಗ ಹಲಗೆ ಸಿಕ್ಕಿತು. ಅತ್ತೆ ಒಳಗೆ ಚಹಾ ಕಾಸುತ್ತಿದ್ದರು. ಮಿಸ್ತ್ರಿ ಒಡೆದ ಗಾಲಿಯನ್ನು ನೋಡಿದರು, ನನ್ನ ತರಚಿದ ಮೊಣಕೈಯನ್ನು ನೋಡಿದರು.

"ಹಿಂದಿನ ಎರಡು ತಿರುಗದಂಗ ಬಿಗೀಬೇಕವ್ವ. ನಾಲ್ಕೂ ತಿರುಗಿದ್ರ ಹಲಗಿ ಮ್ಯಾಲ ಯಾರೂ ನಿಲ್ಲಂಗಿಲ್ಲ," ಎಂದು ಮೆಲ್ಲಗೆ ಹೇಳಿ, ಹಲಗೆಯನ್ನು ಇದ್ದಲ್ಲಿಗೇ ಸರಿಸಿದರು. ಚಹಾ ಕುಡಿಯದೆ ಹೋದರು.

ಆಗಲೂ ನಾನು ಬಾಯಿ ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಓಣಿಯ ಕೂಲರ್‌ಗಳಿಗೆ ಹುಲ್ಲು ಹಾಕಲು ಬೇರೊಬ್ಬರು ಬಂದರು. ಯಾಕೆಂದು ಯಾರೂ ಕೇಳಲಿಲ್ಲ. ಹೇಳಬೇಕಾದವಳು ನಾನೊಬ್ಬಳೇ ಇದ್ದೆ.

ಇದರ ಮೊದಲ ಪ್ರತಿಯನ್ನು ಅತ್ತೆಯವರಿಗೆ ಕಳುಹಿಸುತ್ತಿದ್ದೇನೆ. ಗಾಲಿ ತೆಗೆದವಳು ನಾನೇ ಎಂಬುದನ್ನು ಓಣಿಯವರಿಗೂ ಓದಿ ಹೇಳುವಂತೆ ಕೋರಿದ್ದೇನೆ. ಉಳಿದಂತೆ, ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಿಕೊಡಬೇಕಾಗಿ ವಿನಂತಿಸುತ್ತೇನೆ.