ಅವ್ವ ಕಾಯಿ ಕಟ್ಟಿಸಿದ ದಾಸವಾಳ

ನಾನು ಸಾಂಗಲಿಯ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿದ್ದಾಗ ಇನ್ನೂ ಸಂಸ್ಥಾನದ ಆಳ್ವಿಕೆಯಿತ್ತು. ಅಪ್ಪನದು ಪೇಟೆಯಲ್ಲಿ ಅರಿಷಿಣದ ಅಂಗಡಿ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅವ್ವನಿಗೆ ಓದು ಬರುತ್ತಿರಲಿಲ್ಲ. ಮರಾಠಿ ತಿಳಿಯುತ್ತಿತ್ತು, ಆದರೆ ಹೊರಗಿನವರೆದುರು ಆಡಲು ಸಂಕೋಚ.

ಒಂದು ದಿನ ನಮ್ಮ ಹಿತ್ತಲಿನ ಕೆಂಪು ದಾಸವಾಳವನ್ನು ಶಾಲೆಗೆ ಒಯ್ದಿದ್ದೆ. ನಾವೆಲ್ಲ 'ಬಾಯಿ' ಎಂದು ಕರೆಯುತ್ತಿದ್ದ ಶಿಕ್ಷಕಿ ಅದನ್ನು ಉದ್ದಕ್ಕೆ ಸೀಳಿ ತೋರಿಸಿದರು. ಐದು ಎಸಳು. ಹಸಿರು ಬಟ್ಟಲಿನ ಕೆಳಗೆ ಇನ್ನೊಂದು ಸಣ್ಣ ಹಸಿರು ಸುತ್ತು. ಕೇಸರಗಳೆಲ್ಲ ಕೂಡಿ ಒಂದು ಕೊಳವೆ, ಅದರೊಳಗಿಂದ ಹೊರಬಂದ ಕಡ್ಡಿಯ ತುದಿಯಲ್ಲಿ ಐದು ಗುಂಡು ಚುಕ್ಕಿ. ಬೆಂಡೆ, ಹತ್ತಿ, ಪುಂಡಿ ಎಲ್ಲವೂ ಇದರ ಬಳಗವೇ ಎಂದರು. ಆದರೆ ದಾಸವಾಳ ಮಾತ್ರ ಕಾಯಿ ಬಿಡುವುದಿಲ್ಲ, ಟೊಂಗೆ ನೆಟ್ಟೇ ಬೆಳೆಸಬೇಕು ಎಂದು ಬರೆಸಿದರು.

ಸಂಜೆ ಮನೆಗೆ ಬಂದಾಗ ಅವ್ವ ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ.

"ಬೆಂಡಿ ಕಾಯಿ ಬಿಡತೈತಿ, ಹತ್ತಿ ಬಿಡತೈತಿ, ಈ ಪುಂಡಿನೂ ಬಿಡತೈತಿ. ಇದೊಂದ ಯಾಕ ಬಿಡಂಗಿಲ್ಲ? ಜೋಡಿ ಸಿಕ್ಕಿರಂಗಿಲ್ಲ" ಎಂದಳು.

ಮೀರಜದ ತವರಿನಲ್ಲಿ ಕುಂಬಳದ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿ ಕಾಯಿ ಕಟ್ಟಿಸುವುದನ್ನು ಅವಳು ಚಿಕ್ಕಂದಿನಲ್ಲೇ ಕಲಿತಿದ್ದಳು. ಆ ಬೇಸಿಗೆ ತವರಿನಿಂದ ಬಿಳಿ ದಾಸವಾಳದ ಬೇರೂರಿದ ಗಿಡ ತಂದು ಕೆಂಪಿನ ಪಕ್ಕದಲ್ಲಿ ನೆಟ್ಟಳು. ಅದು ಹೂಬಿಟ್ಟಾಗ, ಬಿಸಿಲೇರುವ ಮೊದಲೇ ಹತ್ತಿಯ ಬತ್ತಿಯಿಂದ ಬಿಳಿ ಹೂವಿನ ಪರಾಗದ ಪುಡಿ ತೆಗೆದು ಕೆಂಪಿನ ಐದು ಚುಕ್ಕಿಗಳಿಗೆ ಸವರಿದಳು. ಹೂಗಳೆಲ್ಲ ಉದುರಿದವು. ಚಿಕ್ಕಪ್ಪನ ಹೆಂಡತಿ ಕಾಕೂ ನಕ್ಕಳು. ಅವ್ವ ಮರುದಿನದಿಂದ ತಿರುವುಮುರುವು ಮಾಡಿದಳು: ಕೆಂಪಿನ ಪುಡಿ ಬಿಳಿಗೆ. ಸವರಿದ ಪ್ರತಿ ಹೂವಿಗೂ ದಾರ ಕಟ್ಟುತ್ತಿದ್ದಳು. ಹದಿನೈದಿಪ್ಪತ್ತು ಉದುರಿದ ಮೇಲೆ ಒಂದು ನಿಂತಿತು.

ಒಂದೂವರೆ ತಿಂಗಳಿಗೆ ಕಾಯಿ ಒಣಗಿ ಐದು ಸೀಳಾಗಿ ಬಿರಿಯಿತು. ಒಳಗೆ ನವಿರು ಕೂದಲಿನ ಕಂದು ಬೀಜಗಳು. ಅದನ್ನು ಶಾಲೆಗೆ ಒಯ್ದೆ. ಬಾಯಿಯವರು ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡಿ, ಸಂಜೆ ನಮ್ಮ ಮನೆಗೇ ಬಂದರು.

"ಬರ್ರಿ, ಕುಂದ್ರಿ" ಎಂದ ಅವ್ವ ಒಳಗೆ ಸರಿಯುವವಳಿದ್ದಳು. ಹೇಗೆ ಮಾಡಿದಿರಿ ಎಂದು ಅವರು ಮರಾಠಿಯಲ್ಲಿ ಕೇಳಿದರು.

ಅವ್ವ ನನ್ನತ್ತ ನೋಡಿದಳು. "ನಾ ಹೇಳತೇನಿ, ನೀ ಅವರ ಮಾತಿನಾಗ ಹೇಳ."

ಅವಳು ಗಿಡದ ಬಳಿ ನಿಂತು ಕೊಳವೆ, ಪುಡಿ, ಚುಕ್ಕಿ ಒಂದೊಂದನ್ನೂ ಮುಟ್ಟಿ ತೋರಿಸಿದಳು. ನಾನು ಮರಾಠಿಗೆ ತಿರುಗಿಸಿದೆ. ನನ್ನ ಉಚ್ಚಾರ ಕೇಳಿ ಶಾಲೆಯಲ್ಲಿ 'ಕಾನಡಿ', ಅಂದರೆ ಕನ್ನಡದವಳು, ಎಂದು ನಗುತ್ತಿದ್ದರು. ಅಂದು ಮಾತ್ರ ನನ್ನ ನಾಲಗೆ ತಡವರಿಸಲಿಲ್ಲ.

ಬೀಜಗಳಲ್ಲಿ ಎರಡು ಮೊಳೆತವು, ಒಂದು ಉಳಿಯಿತು. ಎರಡನೆಯ ಮಳೆಗಾಲ ಕಳೆದ ಮೇಲೆ ಅದು ಅರಳಿತು. ತೆಳು ಗುಲಾಬಿ ಎಸಳು, ನಡುವೆ ರಕ್ತಗೆಂಪು. ಅಂಥ ಹೂ ಪೇಟೆಯಲ್ಲಿ ಯಾರ ಹಿತ್ತಲಲ್ಲೂ ಇರಲಿಲ್ಲ. ಬಾಯಿಯವರು ಇಡೀ ತರಗತಿಯನ್ನು ನಮ್ಮ ಹಿತ್ತಲಿಗೆ ಕರೆತಂದು, ತಾವು ಬರೆಸಿದ್ದು ತಪ್ಪು, ಸರಿಯಾದದ್ದನ್ನು ಇವರಿಂದ ಕೇಳಿ ಎಂದರು. ಅವ್ವ ಸೆರಗು ಸರಿಪಡಿಸಿಕೊಂಡು ನೇರವಾಗಿ ನಿಂತಳು. ಆ ಸಲ ನನ್ನನ್ನು ಕರೆಯಲಿಲ್ಲ. ತನ್ನ ಹರಕು ಮರಾಠಿಯಲ್ಲೇ ಪಾಠ ಶುರುಮಾಡಿದಳು. ಒಬ್ಬಳೂ ನಗಲಿಲ್ಲ.