ಸುಂಕದ ಕಚೇರಿಯ ಹಸ್ತಾಂತರ

ನನ್ನ ನಿವೃತ್ತಿಗೆ ಆಗ ಮೂರು ವರ್ಷ ಬಾಕಿ ಇತ್ತು. ಉಡುಪಿಯಲ್ಲಿ ಸರಕಾರಿ ಕಟ್ಟಡಗಳ ಉಸ್ತುವಾರಿ ನೋಡುವ ಎಂಜಿನಿಯರ್ ಆಗಿದ್ದೆ. ಕಲ್ಯಾಣಪುರದಲ್ಲಿ ಸ್ವರ್ಣಾ ನದಿಗೆ ಮುಖಮಾಡಿ ಮುರಕಲ್ಲಿನ ಹಳೆಯ ಸುಂಕದ ಕಚೇರಿಯೊಂದಿತ್ತು. ಸರಕು ದೋಣಿಗಳು ನಿಂತ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ದೀರ್ಘಾವಧಿ ಗುತ್ತಿಗೆಗೆ ಕೊಟ್ಟರೆ ದುರಸ್ತಿ ಮಾಡಿ ಉಳಿಸಿಕೊಳ್ಳುತ್ತೇವೆಂದು ಊರಿನ ಸಣ್ಣ ಪರಂಪರೆ ಸಂರಕ್ಷಣಾ ಸಮಿತಿ ಅರ್ಜಿ ಹಾಕಿತ್ತು. ಅದರ ಅಧ್ಯಕ್ಷೆ ನಿವೃತ್ತ ಶಿಕ್ಷಕಿ ಲಿಲ್ಲಿ ಟೀಚರ್.

ಆ ಹೊತ್ತಿಗಾಗಲೇ ಆರು ವರ್ಷ ಕಡತ ಮೇಜಿನಿಂದ ಮೇಜಿಗೆ ಓಡಾಡಿತ್ತು. ಕೊನೆಗೆ ಬಂದ ಉತ್ತರ: ಕಟ್ಟಡ ಶಿಥಿಲವೆಂದು ತಾಂತ್ರಿಕ ವರದಿ ಇದೆ, ಹಸ್ತಾಂತರ ಸಾಧ್ಯವಿಲ್ಲ, ಕೆಡವತಕ್ಕದ್ದು. ಟೀಚರ್ ಆ ವರದಿಯ ನಕಲು ಹಿಡಿದು ನನ್ನ ಕಚೇರಿಗೆ ಬಂದರು. ಕೆಳಗೆ ನನ್ನದೇ ಸಹಿ.

“ಮೇಡಂ, ನೀವು ಒಳಗೆ ಹೋಗಿ ನೋಡಿದ್ದೀರಾ?”

ನೋಡಿರಲಿಲ್ಲ. ವರದಿಗಾಗಿ ಹೋದ ದಿನ ಬೀಗದ ಕೈ ಸಿಕ್ಕಿರಲಿಲ್ಲ. ಇನ್ನೂ ನಾಲ್ಕು ಕಟ್ಟಡಗಳ ತಪಾಸಣೆ ಬಾಕಿ ಇತ್ತು. ಹಿಂಬದಿಯ ಬಿರುಕುಬಿಟ್ಟ ಗೋಡೆಯನ್ನು ಹೊರಗಿನಿಂದ ನೋಡಿ, ಇಡೀ ಕಟ್ಟಡ ಶಿಥಿಲ ಎಂದು ಬರೆದುಬಿಟ್ಟಿದ್ದೆ.

“ಇಲ್ಲ ಟೀಚರ್” ಎಂದೆ.

ಅವರು ಬೈಯಲಿಲ್ಲ. “ಹಾಗಾದರೆ ಈಗ ಬನ್ನಿ. ಕೆಡವಲು ಇನ್ನು ಹತ್ತು ದಿನ ಉಂಟು.”

ಮರುದಿನ ಹೋದೆ. ಸಮಿತಿಯಲ್ಲಿದ್ದ ಮರದ ವ್ಯಾಪಾರಿ ಕರೀಮ್ ಏಣಿ ಹತ್ತಿ ಒಂದೊಂದು ತೊಲೆಗೂ ಉಳಿ ಚುಚ್ಚಿ ನೋಡಿದರು. “ಗಟ್ಟಿ ಜಾತಿಯ ಬೋಗಿ ಮರ ಮೇಡಂ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದಕ್ಕೆ ಎಂತ ಆಗುವುದಿಲ್ಲ.” ನಾನು ಗೋಡೆಗಳನ್ನು ಅಳೆದೆ. ವಾಲಿದ್ದು ಹಿಂದಿನ ಒಂದು ಭಾಗ ಮಾತ್ರ. ಅದನ್ನೂ ಆಸರೆ ಕೊಟ್ಟು ನಿಲ್ಲಿಸಬಹುದಿತ್ತು.

ಹೊಸ ವರದಿಯಲ್ಲಿ, ಮೊದಲ ಬಾರಿ ಒಳಗೆ ಹೋಗಿರಲಿಲ್ಲ ಎಂದು ಸ್ಪಷ್ಟವಾಗಿ ಬರೆದೆ. ಮೇಲಧಿಕಾರಿ ಓದಿ ತಲೆಯೆತ್ತಿದರು. “ಈ ಸಾಲು ತೆಗೆಯಿರಿ ಮಾರಾಯ್ರೆ. ನಿಮ್ಮ ಮೇಲೆ ನೀವೇ ನೋಟಿಸ್ ಬರೆದ ಹಾಗಾಯಿತು.”

“ಅದನ್ನು ತೆಗೆದರೆ ಹಳೆಯ ವರದಿ ಯಾಕೆ ತಪ್ಪು ಅಂತ ಯಾರಿಗೂ ಗೊತ್ತಾಗುವುದಿಲ್ಲ ಸರ್.”

ಅವರು ಕಡತ ಮುಂದೆ ಕಳಿಸಿದರು. ಅಂದಿನಿಂದ ತಡೆಯಾಜ್ಞೆಗಾಗಿ ದಿನವೂ ಮಣಿಪಾಲಕ್ಕೆ ಹೋಗಿ ಜಿಲ್ಲಾ ಕಚೇರಿಯ ಬೆಂಚಿನ ಮೇಲೆ ಕುಳಿತೆ. ಸಾಹೇಬರಿಗೆ ಮೀಟಿಂಗ್, ರಜೆ, ಮತ್ತೆ ಮೀಟಿಂಗ್.

ಹತ್ತನೆಯ ದಿನ ಬೆಳಿಗ್ಗೆ ಜೆಸಿಬಿ ಬಂತು. ನಿಲ್ಲಿಸಿ ಎಂದು ನಾನು ಕೈ ಮುಗಿದೆ. “ತಡೆಯಾಜ್ಞೆ ಉಂಟಾ ಮೇಡಂ? ಇಲ್ಲದಿದ್ದರೆ ನಾನು ಎಂತ ಮಾಡುವುದು?” ಎಂದರು ಕೆಡವಲು ಬಂದ ಗುತ್ತಿಗೆದಾರರು. ನನಗೆ ಆ ಅಧಿಕಾರವಿರಲಿಲ್ಲ. ಸಮಿತಿಯವರು ಮುಂದಿನ ಜಗಲಿಯಲ್ಲಿ ಸಾಲಾಗಿ ಕುಳಿತರು. ಯಂತ್ರ ಸುತ್ತುಹಾಕಿ ಹಿಂಬದಿಗೆ ಹೋಯಿತು. ಗೋಡೆ ಕುಸಿದ ಸದ್ದಿಗೆ ಪಕ್ಕದಲ್ಲಿದ್ದ ಟೀಚರ್ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜಿಲ್ಲಾ ಕಚೇರಿಯ ಜವಾನ ಸ್ಕೂಟರಿನಲ್ಲಿ ತಡೆಯಾಜ್ಞೆ ತಂದ. ಅಷ್ಟರಲ್ಲಿ ಹಿಂದಿನ ಭಾಗ ಮಣ್ಣಾಗಿತ್ತು.

ಹಸ್ತಾಂತರದ ಆದೇಶ ಬಂದದ್ದು ಮೂರು ತಿಂಗಳ ಬಳಿಕ. ಅದೇ ಜಗಲಿಯಲ್ಲಿ ಸ್ವಾಧೀನ ಪತ್ರಕ್ಕೆ ಸಹಿ ಹಾಕುವ ಮೊದಲು ಟೀಚರ್ ಕಾಗದವನ್ನು ನನ್ನ ಕಡೆ ತಿರುಗಿಸಿದರು.

“ಒಂಬತ್ತು ಕೋಣೆ ಅಂತ ಉಂಟು. ಏಳು ಮಾಡಿ.”

ಒಂಬತ್ತನ್ನು ಹೊಡೆದು ಏಳು ಎಂದು ಬರೆದೆ. ಮುಂದೆ ನನಗೆ ವಾಗ್ದಂಡನೆಯ ಪತ್ರವೂ ಬಂತು. ನಾನು ಮೇಲ್ಮನವಿ ಹಾಕಲಿಲ್ಲ. ನಿವೃತ್ತಿಯಾಗುವವರೆಗೆ ಕಾಲಿಡದ ಕಟ್ಟಡದ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ನನ್ನ ವೃತ್ತಿ ಕಲಿಸಿದ್ದು ಇದನ್ನೇ, ಆದರೆ ಎರಡು ಕೋಣೆ ಹೋದ ಮೇಲೆ.